ಹೂಗಲ್ಲಿನ ಪಾಲು

ಬಹಳ ಹಿಂದೆ, ನನ್ನ ಅಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಮೂಡಿರದ ಕಾಲದಲ್ಲಿ, ಕಡಲಂಚಿನ ಒಂದೂರಲ್ಲಿ ಮಾಸ್ತಮ್ಮ ಎಂಬವಳಿದ್ದಳಂತೆ. ಮುಳುಗಿ ಚಿಪ್ಪು ಕೀಳುವುದು ಅವಳ ಕಸುಬು. ಒಮ್ಮೆ ಮುಳುಗಿದರೆ ಒಲೆಯ ಮೇಲಿನ ಅನ್ನ ಬೇಯುವವರೆಗೆ ಏಳುತ್ತಿರಲಿಲ್ಲ ಅಂತಾರೆ. ನಾನು ಅಷ್ಟೆಲ್ಲ ನಂಬುವವನಲ್ಲ. ಒಂದು ಎಲೆಯಡಿಕೆ ಕವಳ ಮಡಚುವಷ್ಟು ಹೊತ್ತು ಅನ್ನಿ, ಒಪ್ಪುತ್ತೇನೆ.

ಊರಿನೆದುರು ನೀರಡಿಯಲ್ಲಿ ಹವಳದ ದಿಬ್ಬವಿತ್ತು. ಊರವರು ಅದನ್ನು ಹೂಗಲ್ಲು ಅನ್ನುತ್ತಿದ್ದರು. ಮೀನು ಮೊಟ್ಟೆಯಿಡುವುದು ಅಲ್ಲೇ, ಊರು ಉಣ್ಣುವುದು ಅದರಿಂದಲೇ. ಪ್ರತಿ ಚಳಿಗಾಲ ನೀರು ತಿಳಿಯಾದಾಗ ಮಾಸ್ತಮ್ಮ ಇಳಿದು ನೋಡಿ, ಆ ವರ್ಷ ಕಲ್ಲು ಯಾವ ಬಣ್ಣವೋ ಆ ಬಣ್ಣದ ನೂಲನ್ನು ಒಂದು ಹಗ್ಗಕ್ಕೆ ಕಟ್ಟುತ್ತಿದ್ದಳಂತೆ. ಇಪ್ಪತ್ತು ವರ್ಷ ಕಟ್ಟಿದಳು, ಒಬ್ಬಳೇ ಕಟ್ಟಿದಳು. ಅದೇ ಅವಳ ತಪ್ಪು.

ಒಂದು ವರ್ಷ ಕಡಲು ಕಾದು ಹೂಗಲ್ಲು ಬೆಳ್ಳಗಾಯಿತು. ಸುಣ್ಣದ ಗೂಡಿನ ಬೊಮ್ಮಯ್ಯ, ಕಲ್ಲು ಸತ್ತಿದೆ, ಒಡೆದು ಸುಟ್ಟು ಸುಣ್ಣ ಮಾಡೋಣ ಅಂದ. ಮೀನೂ ಕಡಿಮೆಯಾಗಿತ್ತು, ಊರು ತಲೆದೂಗಿತು. ಮಾಸ್ತಮ್ಮ ಹಗ್ಗ ತಂದು, ಹಿಂದೆಯೂ ಒಂದು ಬಿಳಿ ನೂಲಿದೆ, ಅದರ ಮುಂದೆ ಮತ್ತೆ ಕೆಂಪಿದೆ, ನೋಡಿ ಎಂದಳು. ನೋಡಿದವಳು ನೀನೊಬ್ಬಳೇ, ಕಟ್ಟಿದವಳೂ ನೀನೇ, ನಂಬುವುದು ಹೇಗೆ ಎಂದು ಊರವರು ನಕ್ಕರು. ಅವಳಿಗೆ ಅಳು ಬಂತು. ಆದರೆ ಮಾತು ಸರಿಯೇ ಅನ್ನಿಸಿತು.

ಒಂದೇ ವರ್ಷ ತಡೆಯಿರಿ ಎಂದು ಬೇಡಿಕೊಂಡಳು, ಊರು ಹೂಂ ಅಂದಿತು. ಮನೆಗೊಬ್ಬರಂತೆ ಕರೆದು, ಉಸಿರು ಹಿಡಿಯುವುದನ್ನು, ಕಲ್ಲನ್ನು ಮುಟ್ಟದೆ ನೋಡುವುದನ್ನು ಕಲಿಸಿದಳು. ಹಠಕ್ಕೆ ಬೊಮ್ಮಯ್ಯನ ಸೊಸೆ ಸಣ್ಣಿಯನ್ನೇ ಮೊದಲು ಕರೆದಳು ಅಂತಾರೆ. ಕಲಿಯುವವರ ಮನೆಯಲ್ಲೂ ಒಲೆ ಉರಿಯಬೇಕಲ್ಲ? ದೋಣಿಗೊಂದು ಪಾಲು, ಬಲೆಗೊಂದು ಪಾಲು ಇರುವಾಗ ಕಲ್ಲಿಗೇಕಿಲ್ಲ ಎಂದು ಕೇಳಿ, ಪ್ರತಿ ದೋಣಿಯಿಂದ ಒಂದು ಬುಟ್ಟಿ ಮೀನು ಅವರಿಗಾಗಿ ಎತ್ತಿಡಿಸಿದಳು.

ಮರುವರ್ಷ ಎಲ್ಲರೂ ಒಟ್ಟಿಗೆ ಇಳಿದರು. ಊರಿಗೆ ಊರೇ ದೋಣಿಗಳಲ್ಲಿ ಕಾಯುತ್ತಿತ್ತು. ಮೊದಲು ಎದ್ದವಳು ಸಣ್ಣಿ.

"ಕಲ್ಲಿಗೆ ಜೀವ ಅದೆ ಮಾವ, ಬಣ್ಣ ಬಂದದೆ" ಅಂದಳಂತೆ.

ಹಿಂದೆಯೇ ಎದ್ದವರೆಲ್ಲ ಅದನ್ನೇ ಅಂದರು. ದೋಣಿಯಿಂದ ದೋಣಿಗೆ ಕೇಕೆ ಹಬ್ಬಿತು. ಬೊಮ್ಮಯ್ಯ ಸುತ್ತಿಗೆಯನ್ನು ಕಡಲಿಗೆಸೆದ ಅಂತಾರೆ. ಮಾಸ್ತಮ್ಮ ಅಂದು ನೀರಿಗೆ ಇಳಿಯಲೇ ಇಲ್ಲ. ಕೂತು ಕವಳ ಜಗಿಯುತ್ತ ನಗುತ್ತಿದ್ದಳಂತೆ.

ಒಂದೂರು ಅಂದೆನಲ್ಲ, ಅದು ಇದೇ ಊರು. ಇವತ್ತಿಗೂ ವರ್ಷದ ಮೊದಲ ಮೀನು ಬಂದಾಗ ಪ್ರತಿ ದೋಣಿಯವರೂ ಕಲ್ಲಿನ ಪಾಲೆಂದು ಒಂದು ಬುಟ್ಟಿ ಬೇರೆ ಇಡುತ್ತಾರೆ. ಚಳಿಗಾಲದಲ್ಲಿ ಮನೆಗೊಬ್ಬರು ಮುಳುಗಿ ನೋಡುತ್ತಾರೆ. ಆಮೇಲೆ ನೂಲಿನ ಒಂದು ತುದಿಯನ್ನು ಹಿರಿಯರು, ಇನ್ನೊಂದನ್ನು ಆ ವರ್ಷ ಹೊಸದಾಗಿ ಕಲಿತವರು ಹಿಡಿದು ಗಂಟು ಬಿಗಿಯುತ್ತಾರೆ. ಒಬ್ಬರೇ ಕಟ್ಟಿದ ಗಂಟನ್ನು ನಮ್ಮೂರಲ್ಲಿ ಬಿಚ್ಚಿ ಮತ್ತೆ ಕಟ್ಟಿಸುತ್ತಾರೆ.