ಎರಿ ಹೊಲದ ದಾರಿ

ಕೃಷಿ ಕಾಲೇಜಿನ ವಿಸ್ತರಣಾ ಕೇಂದ್ರ ಊರಾಚೆ ಇತ್ತು. ಅಟೆಂಡರ್ ಫಕೀರಪ್ಪ ಆರು ವರ್ಷದಿಂದ ಒಬ್ಬನೇ ಬೀಗ ತೆಗೆದು, ಖಾಲಿ ಕುರ್ಚಿಗಳ ಧೂಳು ಒರೆಸಿ, ಸಂಜೆ ಮತ್ತೆ ಬೀಗ ಹಾಕುತ್ತಿದ್ದ. ರೈತರು ಯಾರೂ ಅತ್ತ ಸುಳಿಯುತ್ತಿರಲಿಲ್ಲ.

ಒಂದು ದಿನ ಡೀನ್ ಸಾಹೇಬರ ಫೋನ್ ಬಂತು.

"ನಾಳೆ ತಪಾಸಣಾ ಸಮಿತಿ ಕರಕೊಂಡು ಬರ್ತೀನಿ. ರೈತರ ಜೋಡಿ ನಮ್ಮ ಸಂಬಂಧ ಎಂಥಾದ್ದು ಅಂತ ಅವರು ಕಣ್ಣಾರೆ ನೋಡಬೇಕು. ಐವತ್ತು ಮಂದಿ ಸೇರಿಸು. ಇಲ್ಲಾಂದ್ರ ಕೇಂದ್ರಾನೂ ಇಲ್ಲ, ನೀನೂ ಇಲ್ಲ."

"ಆಗ್ಲಿರಿ ಸಾಹೇಬ್ರ. ಬರುವಾಗ ಎರಿ ಹೊಲದ ದಾರಿ ಹಿಡೀರಿ, ಸಮೀಪ ಆಕ್ಕೈತ್ರಿ."

ಆ ವಾರವೆಲ್ಲ ಮಳೆ. ಎರಿಯ ಕಪ್ಪು ಮಣ್ಣು ನೆನೆದರೆ ಊರಿನವರು ಎತ್ತಿನ ಗಾಡಿಯನ್ನೂ ಅತ್ತ ಹೊಡೆಯುವುದಿಲ್ಲ. ಮರುದಿನ ಕಾರಿನಲ್ಲಿ ಬಂದ ನಾಲ್ವರೂ ಮಣ್ಣಿನ ಮೇಲೆ ಡಾಕ್ಟರೇಟ್ ಮಾಡಿದವರು. ಕಾರು ಅರ್ಧ ಗಾಲಿಯವರೆಗೆ ಹೂತುಕೊಂಡಿತು.

ಫಕೀರಪ್ಪ ಊರೊಳಗೆ ಓಡಿ ಕೂಗು ಹಾಕಿದ. ಹಗ್ಗ, ಎತ್ತು ಹಿಡಿದು ಊರಿಗೆ ಊರೇ ಬಂತು. ಬೂಟು ಕಳಚಿ ಕೆಸರಿಗಿಳಿದ ವಿಜ್ಞಾನಿಗಳಿಗೆ ಒಬ್ಬಾಕೆ ಕಡಲೆ ಗಿಡ ಕಿತ್ತು ತೋರಿಸಿದಳು.

"ಇದು ಯಾಕ ಒಣಗಾಕತ್ತೈತ್ರಿ?"

ನಾಲ್ವರೂ ಒಟ್ಟಿಗೆ ಉತ್ತರ ಕೊಟ್ಟರು. ಆಮೇಲೆ ಮಾತು ನಿಲ್ಲಲೇ ಇಲ್ಲ. ಸಮಿತಿಯ ಅಧ್ಯಕ್ಷರು ವರದಿಯಲ್ಲಿ ಬರೆದರು: "ರೈತರೊಂದಿಗೆ ಇಷ್ಟು ಹತ್ತಿರದ ಸಂಬಂಧ ಇನ್ನೆಲ್ಲೂ ಕಾಣಲಿಲ್ಲ."

ಡೀನ್ ಸಾಹೇಬರು ಕೆಸರು ಮೆತ್ತಿದ ಪ್ಯಾಂಟು ನೋಡಿಕೊಂಡು, "ಬೇಕಂತನ ಈ ದಾರಿ ಹೇಳಿದ್ಯಲ್ಲೋ?" ಎಂದರು.

"ಹೌದ್ರಿ ಸಾಹೇಬ್ರ," ಎಂದ ಫಕೀರಪ್ಪ. "ಆರು ವರ್ಷದಾಗ ಇಷ್ಟು ಮಂದಿ ಮುಖ ನೋಡಿದ್ದು ಇವತ್ತ ನೋಡ್ರಿ. ಮತ್ತ ಮಳಿ ಬಿದ್ದಾಗ ಫೋನ್ ಮಾಡ್ತೀನಿ. ಬರ್ತೀರಲ್ಲರಿ?"