ಕೆಂಚಿ ನಿಂತ ಜಾಗ

“ಗುರುಗಳೇ, ಏನೋ ನನ್ನನ್ನು ಮೇಲಿನ ಗವಿಗೆ ಎಳೆಯುತ್ತಿದೆ. ಎಳೆಯುತ್ತಿರುವುದು ದೇವರೇ ಎಂದು ಹೇಗೆ ತಿಳಿಯಲಿ?”

ಕೇಳಿದವನು ಶಂಭುಲಿಂಗ. ಹಿಮದ ಬೆಟ್ಟದ ಆ ಮಠದಲ್ಲಿ ಎಲ್ಲರಿಗಿಂತ ಕಿರಿಯ ಶಿಷ್ಯ. ಹಿಂದಿನ ಚಳಿಗಾಲದಲ್ಲಿಯೂ ಅವನು ವ್ರತ ಹಿಡಿದು ಗವಿಗೆ ಹೋಗಿದ್ದ. ಚಳಿ ತಾಳಲಾರದೆ ಅರ್ಧಕ್ಕೇ ಇಳಿದು ಬಂದಿದ್ದ. “ಏನಯ್ಯಾ, ಗವಿಗಿಂತ ಅಡುಗೆಮನೆ ಒಲೆ ಹತ್ತಿರ ಆಯ್ತಾ?” ಎಂದು ಉಳಿದವರು ಹಿಮ ಕರಗುವವರೆಗೂ ಕಾಡಿದ್ದರು. ಅದಕ್ಕೇ ಈ ಸಲ ಎಲ್ಲರೂ ಉಣ್ಣಲು ಕೂತಿದ್ದಾಗ ಅವನು ಎದ್ದು ನಿಂತು ಆಣೆ ಇಟ್ಟಿದ್ದ. ಚಳಿಗಾಲ ಮುಗಿಯುವ ತನಕ ಇಳಿಯುವುದಿಲ್ಲ. ಏನೇ ಆದರೂ ಇಳಿಯುವುದಿಲ್ಲ. ಗುರುಗಳೇ ಬಂದು ಕರೆದರೂ ಇಳಿಯುವುದಿಲ್ಲ. ಮರುದಿನ ಬೆಳಿಗ್ಗೆ ಹೊರಡುವವನಿದ್ದ.

ಗುರುಗಳು ಅವನ ಮುಖವನ್ನು ನೋಡಿದರು. ಹೊದ್ದ ಕಂಬಳಿಯನ್ನು ಇನ್ನಷ್ಟು ಎಳೆದುಕೊಂಡರು. ಆಮೇಲೆ ಈ ಕತೆ ಹೇಳಿದರು.

ಎರಡು ಶಿಖರಗಳ ನಡುವೆ ಒಂದು ಕಂಡಿ. ಕಂಡಿಯ ಈಚೆಗೊಂದು ಊರು, ಆಚೆಗೊಂದು ಊರು. ಅಲ್ಲಿ ವರ್ಷದ ಅರ್ಧ ಭಾಗ ಹಿಮ. ಹಿಮ ಬಿದ್ದ ಮೇಲೆ ಆ ಜನ ನಡೆಯುವುದಿಲ್ಲ, ಜಾರುತ್ತಾರೆ. ಎರಡು ಕಾಲಿಗೂ ಉದ್ದನೆಯ ಮರದ ಹಲಗೆ ಕಟ್ಟಿಕೊಳ್ಳುತ್ತಾರೆ. ಸೊಂಟಕ್ಕೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ಮನೆಯ ನಾಯಿಯ ಎದೆಪಟ್ಟಿಗೆ ಬಿಗಿಯುತ್ತಾರೆ. ನಾಯಿ ಮುಂದೆ ಓಡುತ್ತದೆ, ಮನುಷ್ಯ ಹಿಂದೆ ಜಾರುತ್ತಾನೆ. ಹೊರೆಯಿದ್ದರೆ ಅವನ ಬೆನ್ನಹಿಂದೆ ಗಾಲಿಯಿಲ್ಲದ ಒಂದು ಜಾರುಬಂಡಿ. ಅದರ ಹಗ್ಗವೂ ಅವನ ಸೊಂಟಕ್ಕೇ.

ಅವರಲ್ಲಿ ಎರಡು ಕಟ್ಟಳೆಗಳಿದ್ದವು. ಸೊಂಟದ ಗಂಟು ಬಿಚ್ಚುಗಂಟೇ ಆಗಿರಬೇಕು. ತುದಿ ಹಿಡಿದು ಒಮ್ಮೆ ಎಳೆದರೆ ಕಳಚಿಕೊಳ್ಳಬೇಕು. ಇನ್ನೊಂದು, ದಾರಿಯ ಗುರುತಿಗೆ ಪೇರಿಸಿದ ಕಲ್ಲುಗುಪ್ಪೆ ಸಿಕ್ಕಲ್ಲೆಲ್ಲ ನಿಲ್ಲಬೇಕು. ಹಗ್ಗ ಸುತ್ತಿಕೊಂಡು ನಾಯಿಯನ್ನು ಹತ್ತಿರಕ್ಕೆ ಕರೆಯಬೇಕು. ಅದರ ಮುಖ ಮುಟ್ಟಿ, ಒಂದು ಚೂರು ರೊಟ್ಟಿ ಕೊಟ್ಟು, ಆಮೇಲೆ ಮುಂದಕ್ಕೆ ಹೋಗಬೇಕು. ಯಾಕೆ ಎಂದು ಮಕ್ಕಳು ಕೇಳಿದರೆ ಹಿರಿಯರು, “ಮಂಜು ಕವಿದಾಗ ಹಗ್ಗ ಕಾಣತ್ತೆ, ನಾಯಿ ಕಾಣಲ್ಲ, ಅದಕ್ಕೆ” ಎನ್ನುತ್ತಿದ್ದರು. ಅದರಾಚೆಗೆ ಒಂದು ಮಾತೂ ಆಡುತ್ತಿರಲಿಲ್ಲ.

ಈಚೆಯ ಊರಿನಲ್ಲಿ ಕಂಬಳಿ ನೇಯುವ ಒಬ್ಬ ನೇಕಾರ ಇದ್ದ. ಅವನಿಗೆ ಹೆಂಡತಿ, ಒಬ್ಬಳೇ ಮಗಳು, ಕೆಂಚಿ ಎಂಬ ಕೆಂಪು ನಾಯಿ. ಮಗಳೂ ಕೆಂಚಿಯೂ ಒಂದೇ ಕಂಬಳಿಯಲ್ಲಿ ಮಲಗಿ ಬೆಳೆದವರು.

ಒಂದು ಚಳಿಗಾಲ ಊರವರು ಇಳಿಜಾರಿನಲ್ಲಿ ನಾಯಿಗಳ ಪಂದ್ಯ ಇಟ್ಟರು. ಎಲ್ಲರಿಗಿಂತ ಮುಂದಿದ್ದದ್ದು ಕೆಂಚಿ. ಅರ್ಧ ದಾರಿಯಲ್ಲಿ ನೇಕಾರನ ಸೊಂಟದ ಗಂಟು ಬಿಚ್ಚಿಕೊಂಡಿತು. ನಾಯಿ ಒಂಟಿಯಾಗಿ ಗೆರೆ ದಾಟಿತು. ಯಜಮಾನ ಹಿಮದಲ್ಲಿ ಉರುಳಿಕೊಂಡು ಬಂದ.

“ನೇಕಾರನ ಗಂಟು ನೋಡ್ರಪ್ಪೋ!” ಎಂದು ಒಬ್ಬ ಕೂಗಿದ. “ಇವನ ಕಂಬಳಿ ಹೊದ್ದು ಮಲಗಿದವರು ಬೆಳಿಗ್ಗೆ ಬರೀ ನೂಲು ಹೊದ್ದುಕೊಂಡು ಏಳ್ತಾರೆ!”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನೇಕಾರನೂ ನಕ್ಕ. ಆದರೆ ಆ ನಗು ಅವನ ಜೊತೆ ಮನೆಗೆ ಬಂತು, ಮಗ್ಗದ ಮುಂದೆ ಕೂತಿತು. ಅಂದಿನಿಂದ ಅವನು ಸೊಂಟಕ್ಕೆ ಬಿಚ್ಚುಗಂಟು ಹಾಕುವುದನ್ನು ಬಿಟ್ಟ. ಹಗ್ಗ ಒದ್ದೆ ಮಾಡಿ, ಸುತ್ತಿನ ಮೇಲೆ ಸುತ್ತು ಹಾಕಿ, ಹಲ್ಲಿನಲ್ಲಿ ಕಚ್ಚಿ ಎಳೆದು ಕಗ್ಗಂಟು ಹಾಕತೊಡಗಿದ. ಅದು ಒಣಗಿದ ಮೇಲೆ ಕತ್ತರಿಸದೆ ಬಿಡುತ್ತಿರಲಿಲ್ಲ.

ಮುಂದಿನ ಚಳಿಗಾಲದಲ್ಲಿ ಮಗಳಿಗೆ ಗಂಟಲು ಬಾತು ಜ್ವರ ಏರಿತು. ನೀರೂ ಇಳಿಯದಾಯಿತು. ಅದಕ್ಕೆ ಮದ್ದು ಬಲ್ಲವಳು ಒಬ್ಬಳೇ ಮುದುಕಿ. ಇದ್ದದ್ದು ಕಂಡಿಯ ಆಚೆಯ ಊರಿನಲ್ಲಿ. ಕತ್ತಲಾಗುವುದರೊಳಗೆ ಮುಟ್ಟಿಸಬೇಕು, ಇಲ್ಲದಿದ್ದರೆ ಮಗು ಉಳಿಯುವುದಿಲ್ಲ ಎಂಬುದು ಗಂಡಹೆಂಡತಿ ಇಬ್ಬರಿಗೂ ಗೊತ್ತಿತ್ತು. ಮಗಳನ್ನು ಕಂಬಳಿಯಲ್ಲಿ ಸುತ್ತಿ ಜಾರುಬಂಡಿಯಲ್ಲಿ ಮಲಗಿಸಿದರು.

ಹೆಂಡತಿ ಅವನ ಸೊಂಟ ನೋಡಿದಳು. “ಇವತ್ತಾದ್ರೂ ಬಿಚ್ಚೋ ಗಂಟು ಹಾಕ್ಕೋಬಾರದಾ?”

“ದಾರೀಲಿ ಬಿಚ್ಚಿಕೊಂಡ್ರೆ ನೀನು ಬಂದು ಎಳೀತೀಯಾ?”

“ನಿಮ್ಮ ಸೊಂಟ, ನಿಮ್ಮ ಹಟ. ಮಗಳ ಬಂಡಿ ಗಂಟು ಮಾತ್ರ ನಾನೇ ಹಾಕ್ತೀನಿ, ಆ ಕಡೆ ತಿರುಗಿ.”

ಅವನು ತಿರುಗಿ ನಿಂತ. ಅವಳು ಬಂಡಿಯ ಹಗ್ಗವನ್ನು ಅವನ ಸೊಂಟಪಟ್ಟಿಗೆ ಹಳೆಯ ಪದ್ಧತಿಯಂತೆ ಕಟ್ಟಿದಳು. ರೊಟ್ಟಿಯನ್ನೂ ಚಾಕುವನ್ನೂ ಒಂದೇ ಚೀಲಕ್ಕೆ ಹಾಕಿ ಮಗಳ ಕಾಲಬಳಿ ಇಟ್ಟಳು.

ಮೊದಲಿನ ಕಲ್ಲುಗುಪ್ಪೆಗಳಲ್ಲಿ ನೇಕಾರ ಕಟ್ಟಳೆಯಂತೆ ನಿಂತ. ಕೆಂಚಿಯ ಮುಖ ಮುಟ್ಟಿದ, ರೊಟ್ಟಿ ಕೊಟ್ಟ. ಮಧ್ಯಾಹ್ನ ಕಳೆದ ಮೇಲೆ ಮಂಜು ಇಳಿಯಿತು. ಮೊದಲು ಶಿಖರ ಹೋಯಿತು, ಆಮೇಲೆ ದಾರಿ, ಆಮೇಲೆ ಕೆಂಚಿ. ಕೊನೆಗೆ ಅವನ ಮುಂದೆ ಉಳಿದದ್ದು ಬಿಳುಪಿನೊಳಗೆ ಹೋಗಿ ಮುಗಿಯುವ ಒಂದು ಹಗ್ಗ. ಆದರೂ ಅದು ಕೆಂಚಿಯ ಹಗ್ಗವೇ. ನಾಯಿ ನೆಗೆದಾಗಲೊಮ್ಮೆ ಸೊಂಟಕ್ಕೆ ಒಂದು ಜಗ್ಗು. ಮತ್ತೆ ನೆಗೆತ, ಮತ್ತೆ ಜಗ್ಗು. ಮೂಗಿನ ಗೊರಗೊರ ಸದ್ದೂ ಕೇಳುತ್ತಿತ್ತು.

ಕಂಡಿಯ ನೆತ್ತಿಯಲ್ಲಿ ಕಡೆಯ ಕಲ್ಲುಗುಪ್ಪೆ. ಅಲ್ಲಿಂದ ದಾರಿ ಎಡಕ್ಕೆ ಹೊರಳಿ ಆಚೆಯ ಊರಿಗೆ ಇಳಿಯುತ್ತದೆ. ಅಲ್ಲಿ ಹಗ್ಗ ಸಡಿಲವಾಯಿತು. ಕೆಂಚಿ ನಿಂತುಬಿಟ್ಟಿತ್ತು. ಮಂಜಿನೊಳಗಿಂದ ಅದರ ಕುಂಯ್ ಎನ್ನುವ ಸಣ್ಣ ದನಿ ಬಂತು.

ಅವನು ಹಗ್ಗ ಸುತ್ತಿಕೊಂಡು ನಾಯಿಯನ್ನು ಹತ್ತಿರಕ್ಕೆ ಕರೆಯಬೇಕಿತ್ತು. ಆಕಾಶ ನೋಡಿದ. ಬೆಳಕು ಬೂದಿ ಬಣ್ಣಕ್ಕೆ ತಿರುಗಿತ್ತು. ಬೆನ್ನಹಿಂದೆ ಮಗಳ ಉಸಿರು ಗರಗರ ಎನ್ನುತ್ತಿತ್ತು.

“ಮಗು ಪ್ರಾಣ ಹೋಗ್ತಿದೆ, ನಿನಗೆ ಆಟವಾ? ನಡೀ!” ಎಂದು ಹಗ್ಗವನ್ನು ಚಾಟಿಯಂತೆ ಬೀಸಿ ಹೊಡೆದ. ಹುಟ್ಟಿದ ಮೇಲೆ ಅವನು ಕೆಂಚಿಗೆ ಹೊಡೆದದ್ದು ಅದೇ ಮೊದಲು. ಕಿರಿಚಿದ ಸದ್ದು ಬಂತು. ಆಮೇಲೆ ಏನೂ ಇಲ್ಲ. ಹಗ್ಗ ಹಿಮದ ಮೇಲೆ ಸುಮ್ಮನೆ ಬಿದ್ದಿತ್ತು.

ತುಸು ಹೊತ್ತಿಗೆ ಹಗ್ಗ ಮೆಲ್ಲಗೆ ಮೇಲೆದ್ದಿತು. ಬಿಗಿಯಾಯಿತು. ಎಳೆಯಿತು.

“ಹಾಗೆ ಬಾ ದಾರಿಗೆ” ಎಂದ ನೇಕಾರ.

ಎಂದೂ ಇಲ್ಲದ ಎಳೆತ ಅದು. ನೆಗೆತವಿಲ್ಲ, ಜಗ್ಗೂ ಇಲ್ಲ. ಬಾವಿಯಿಂದ ಕೊಡ ಮೇಲೆ ಬರುವ ಹಾಗೆ ಒಂದೇ ಸಮ. ಗೊರಗೊರ ಸದ್ದು ನಿಂತಿತ್ತು. ಹಗ್ಗ ಎಡಕ್ಕೆ ಹೊರಳಲಿಲ್ಲ, ನೆಟ್ಟಗೆ ಹೋಯಿತು. ಇಳಿಯಬೇಕಾದ ದಾರಿ ಏರತೊಡಗಿತು. ಏರಿನಲ್ಲಿಯೂ ಓಟ ಕಡಿಮೆಯಾಗಲಿಲ್ಲ. ಇದೆಲ್ಲ ಅವನಿಗೆ ತಿಳಿಯಲಿಲ್ಲವೇ? ತಿಳಿಯಿತು. ಒಂದೊಂದೂ ತಿಳಿಯಿತು. ಆದರೆ ಇಷ್ಟು ಬೇಗ ಅವನು ಯಾವತ್ತೂ ಹೋದದ್ದಿರಲಿಲ್ಲ. ಈ ಓಟದಲ್ಲಿ ಹೋದರೆ ಮಗಳು ಉಳಿಯುತ್ತಾಳೆ ಎಂದುಕೊಂಡ. ಅಷ್ಟು ಅಂದುಕೊಂಡ ಮೇಲೆ ಬೇರೆ ಯಾವುದನ್ನೂ ಅಂದುಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ.

“ಅಪ್ಪಾ” ಎಂದಳು ಮಗಳು.

“ಮಲಗು ಪುಟ್ಟಾ. ಬಂದೇಬಿಟ್ವಿ.”

“ಕೆಂಚಿ ನಡುಗ್ತಾ ಇದೆ, ಅಪ್ಪಾ.”

ಅವನು ಹಿಂದಿರುಗಿ ನೋಡಲಿಲ್ಲ. “ಅಲ್ಲಿಂದ ನಿನಗೆ ಹೇಗೆ ಕಾಣತ್ತೆ? ಜ್ವರ ಕಣೇ ಅದು, ಮಲಗು.”

“ಕಾಣೋದಲ್ಲ ಅಪ್ಪಾ. ನನ್ನ ಕಂಬಳಿಯೊಳಗೇ ಬಂದು ಕೂತಿದೆ.”

ಜ್ವರದ ಬಡಬಡಿಕೆ ಎಂದುಕೊಂಡ. ಅಷ್ಟರಲ್ಲಿ ಕೆಂಚಿ ಬೊಗಳಿತು. ಸದ್ದು ಬಂದದ್ದು ಅವನ ಬೆನ್ನಹಿಂದಿನಿಂದ.

ತಿರುಗಿದ. ಕಂಬಳಿಯ ಸಂದಿನಿಂದ ಎರಡು ಕೆಂಪು ಕಿವಿಗಳು ಹೊರಗೆ ಬಂದಿದ್ದವು. ನಾಯಿಯ ಮೈಮೇಲೆ ಎದೆಪಟ್ಟಿ ಇರಲಿಲ್ಲ. ಹೊಡೆತಕ್ಕೆ ಹೆದರಿ ಅದರಿಂದ ನುಣುಚಿಕೊಂಡು ಬಂದಿತ್ತು. ಕೆಂಚಿ ಅವನನ್ನು ನೋಡುತ್ತಿರಲಿಲ್ಲ. ಅವನನ್ನು ದಾಟಿ, ಹಗ್ಗ ಹೋದ ಕಡೆ ನೋಡುತ್ತಿತ್ತು.

ಹಗ್ಗ ಬಿಗಿಯಾಗಿಯೇ ಇತ್ತು. ಎಳೆಯುತ್ತಲೇ ಇತ್ತು.

ನೇಕಾರ ಕೈಗವಸುಗಳನ್ನು ಹಲ್ಲಿನಿಂದ ಕಿತ್ತು ಬಿಸಾಡಿ ಗಂಟಿಗೆ ಕೈಹಾಕಿದ. ಗಂಟು ಕಲ್ಲಾಗಿತ್ತು. ಉಗುರು ಕಿತ್ತುಬಂದರೂ ಒಂದು ಎಳೆ ಅಲುಗಲಿಲ್ಲ. ನೆಲಕ್ಕೆ ಕುಸಿದು ಕೂತ. ಕೂತವನನ್ನೂ ಅದು ಹಾಗೆಯೇ ಎಳೆಯಿತು, ಹಿಂದಿನ ಬಂಡಿಯನ್ನೂ ಸೇರಿಸಿ.

“ಪುಟ್ಟಾ, ಚೀಲದಲ್ಲಿ ಚಾಕು ಇದೆ, ಕೊಡು!”

ಮಗಳು ಹುಡುಕಿ ಕೈ ಚಾಚಿದಳು. ಎಟುಕಲಿಲ್ಲ. ಎಸೆದಳು. ಚಾಕು ಅವನ ಬೆರಳಿಗೆ ತಗುಲಿ ಹಿಮದಲ್ಲಿ ಬಿತ್ತು, ಹಿಂದೆ ಉಳಿಯಿತು. ಮುಂದಿದ್ದದ್ದಕ್ಕೆ ಅದು ಗೊತ್ತಾದಂತೆ ಓಟ ಹೆಚ್ಚಿತು.

ಅಷ್ಟರಲ್ಲಿ ಮಂಜು ತುಸು ತೆಳುವಾಯಿತು. ಮುಂದೆ ಸ್ವಲ್ಪ ದೂರ ಹಿಮವಿತ್ತು. ಅದರಾಚೆ ಏನೂ ಇರಲಿಲ್ಲ, ನೆಲವೇ ಇರಲಿಲ್ಲ.

ಅವನ ಕೈ ಬೆನ್ನಹಿಂದೆ ಹೋಯಿತು. ಅಲ್ಲಿ ಹೆಂಡತಿ ಹಾಕಿದ ಗಂಟು ಸಿಕ್ಕಿತು, ಅದರ ತುದಿಯೂ ಸಿಕ್ಕಿತು.

“ಕಣ್ಣು ಮುಚ್ಕೋ, ಪುಟ್ಟಾ” ಎಂದ. ತುದಿ ಹಿಡಿದು ಒಮ್ಮೆ ಎಳೆದ.

ಬಂಡಿ ನಿಧಾನವಾಗಿ ನಿಂತಿತು. ಮಗಳು ಕಣ್ಣು ಮುಚ್ಚಲಿಲ್ಲ. ಅಪ್ಪ ಕೂತಲ್ಲಿಂದ ಎದ್ದು ನೆಟ್ಟಗೆ ನಿಂತದ್ದನ್ನು ಕಂಡಳು. ಆಮೇಲೆ ಮಂಜು ಅವನನ್ನು ಮುಚ್ಚಿತು. ಕೂಗು ಕೇಳಲಿಲ್ಲ.

ಕೆಂಚಿ ಬಂಡಿಯ ಹಗ್ಗವನ್ನು ಬಾಯಲ್ಲಿ ಕಚ್ಚಿಕೊಂಡು ಇಳಿಜಾರಿನಲ್ಲಿ ಹಿಂದಕ್ಕೆ ಎಳೆಯಿತು. ಕಲ್ಲುಗುಪ್ಪೆಯ ಬಳಿ ನಿಂತು, ಆಚೆಯ ಊರಿನವರು ಹತ್ತಿ ಬರುವವರೆಗೂ ಬೊಗಳಿತು. ಮುದುಕಿಯ ಮದ್ದು ಇಳಿಯಿತು. ಮಗಳು ಉಳಿದಳು. ನಡೆದದ್ದನ್ನು ಹೇಳಿದವಳು ಅವಳೇ.

ಮಂಜು ಬಿಟ್ಟ ದಿನ ಜನ ಗುರುತು ಹಿಡಿದು ಹೋದರು. ಹಲಗೆಗಳ ಎರಡು ಗೆರೆ ನೆಟ್ಟಗೆ ಹೋಗಿದ್ದವು. ಅವುಗಳ ಮುಂದೆ ನಾಯಿಯ ಹೆಜ್ಜೆ ಇರಲಿಲ್ಲ, ಬೇರೆ ಯಾವುದರ ಹೆಜ್ಜೆಯೂ ಇರಲಿಲ್ಲ. ಗೆರೆಗಳು ಪ್ರಪಾತದ ಅಂಚಿಗೆ ಬಂದು ಮುಗಿದಿದ್ದವು. ಕೆಳಗಿಳಿದು ಹುಡುಕಿದರು, ಏನೂ ಸಿಗಲಿಲ್ಲ. ವಾಪಸಾಗುವಾಗ ಅವರಲ್ಲೊಬ್ಬ ಎದುರಿನ ಬೆಟ್ಟದ ಕಡೆ ಕೈ ತೋರಿಸಿದ. ಪ್ರಪಾತದ ಆಚೆ, ಯಾರೂ ಹತ್ತಲಾಗದ ಗೋಡೆಯಂಥ ಹಿಮದ ಮೇಲೆ, ಎರಡು ಗೆರೆ ಮೇಲಕ್ಕೆ ಹೋಗಿದ್ದವು.

ಗುರುಗಳು ಕತೆ ನಿಲ್ಲಿಸಿದರು.

ಶಂಭುಲಿಂಗನಿಗೆ ತಡೆಯಲಾಗಲಿಲ್ಲ. “ಗುರುಗಳೇ, ಹಗ್ಗದ ಆ ತುದಿಯಲ್ಲಿ ಇದ್ದದ್ದು ಏನು?”

“ಆ ತುದಿಯಲ್ಲಿ ದೇವರೇ ಇದ್ದ ಅಂತ ಇಟ್ಟುಕೋ, ಈ ತುದಿಗೆ ಕಗ್ಗಂಟು ಹಾಕಿದ್ದು ಯಾರು?”