ಬೇಲದ ಹಣ್ಣಿನ ಪರೀಕ್ಷೆ

ಹೊಳೆಯ ದಂಡೆಯಲ್ಲಿ ಮರುಳಯ್ಯ ಗುರುಗಳ ಗರಡಿ. ಅಲ್ಲಿ ಕಲಿಸುತ್ತಿದ್ದುದು ದೊಣ್ಣೆ ವರಸೆ.

ಸೇರಲು ಬಂದವರಿಗೆಲ್ಲ ಒಂದೇ ಪರೀಕ್ಷೆ. ಗರಡಿಯವರು ಬೇಲದ ಹಣ್ಣು ಎಸೆಯಬೇಕು, ಬಂದವರು ದೊಣ್ಣೆ ಬೀಸಿ ಹೊಡೆಯಬೇಕು. ಒಡೆದ ಹಣ್ಣೆಲ್ಲ ಮಧ್ಯಾಹ್ನದ ಪಾನಕಕ್ಕೆ.

ಆ ದಿನ ಕುಂಬಾರ ತಿಮ್ಮಣ್ಣ ಮಗಳು ನಿಂಗಿಯನ್ನು ಕರೆತಂದಿದ್ದ. ಗುರುಗಳು ಪರೀಕ್ಷೆಯ ಹೊಣೆಯನ್ನು ಹಿರಿಯ ಶಿಷ್ಯ ನಂಜಯ್ಯನಿಗೆ ಒಪ್ಪಿಸಿದರು. ಅವನಿಗೆ ಇದು ಮೊದಲ ಸಲ.

"ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ ಸ್ವಾಮಿ," ಎಂದ ತಿಮ್ಮಣ್ಣ. "ಸಂಜೆ ದೋಣಿಗೆ ಕರ್ಕೊಂಡು ಹೋಗಿ ಗೌಡರ ಮನೆ ಕೆಲಸಕ್ಕೆ ಬಿಡ್ತೀನಿ. ಕೇಳಿ ಕಳಿಸಿದ್ದಾರೆ."

ನಿಂಗಿ ನೆಲ ನೋಡಿದಳು.

ನಂಜಯ್ಯ ಎಸೆದ. ಮೊದಲ ಹಣ್ಣು ದೊಣ್ಣೆಗೆ ಸಿಕ್ಕು ಚೂರಾಯಿತು. ಎರಡನೆಯದೂ ಅಷ್ಟೇ. ಆಮೇಲೆ ಅವನು ಬೇಕೆಂದೇ ಅತ್ತ ಇತ್ತ ಎಸೆಯತೊಡಗಿದ. ನಿಂಗಿ ದೊಣ್ಣೆ ಎತ್ತಲೇ ಇಲ್ಲ. ಹಣ್ಣುಗಳು ಅವಳನ್ನು ದಾಟಿ ಮರಳಿಗೆ ಬಿದ್ದವು.

"ಯಾಕಮ್ಮ, ಇಷ್ಟಕ್ಕೇ ಕೈ ಸೋತುಹೋಯ್ತಾ?"

"ಅವು ನನ್ನ ಹತ್ರ ಬರ್ತಿರ್ಲಿಲ್ಲ ಅಣ್ಣ."

"ಓಹೋ. ಹೊಡೆಯೋಕೆ ಬಂದವರು ಹತ್ರ ಬರ್ಲಿ ಅಂತ ಕಾಯ್ತಾ ಕೂತ್ಕೋತಾರಾ?"



ಮರದ ಬುಡದಲ್ಲಿ ಕೂತಿದ್ದ ಗುರುಗಳು ಕೇಳಿದರು. "ಹೇಗಿದ್ದಾಳೆ ಹುಡುಗಿ?"

"ಕೈ ಇದೆ ಗುರುಗಳೇ. ಎದೆಗಾರಿಕೆ ಇಲ್ಲ."

"ಮುಂದೆ ದೊಡ್ಡ ಆಟಗಾರ್ತಿ ಆಗ್ತಾಳಾ?"

"ಆಗಲ್ಲ."

"ಇನ್ನು ಹತ್ತು ವರ್ಷಕ್ಕೆ ಎಲ್ಲಿರ್ತಾಳೆ?"

"ಗೌಡರ ಮನೇಲಿ ಪಾತ್ರೆ ತಿಕ್ತಾ ಇರ್ತಾಳೆ." ಹೇಳಿದ ಮೇಲೆ ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

"ನಾಳೆ ಮಳೆ ಬರತ್ತಾ?"

"ಬರತ್ತೆ."

ಗುರುಗಳು ಮರಳಲ್ಲಿ ಬಿದ್ದಿದ್ದ ಒಂದು ಹಣ್ಣು ಎತ್ತಿ ತೋರಿಸಿದರು. "ಇದು ಸಿಹಿಯೋ, ಹುಳಿಯೋ?"

"ಸಿಹಿ."

ಗುರುಗಳು ಅದನ್ನು ಕಲ್ಲಿಗೆ ಕುಟ್ಟಿದರು. ಒಳಗೆಲ್ಲ ಬೂಷ್ಟು.

ಆಮೇಲೆ ನಿಂಗಿಯ ಕಡೆ ತಿರುಗಿದರು. "ನೀನೇ ಹೇಳಮ್ಮ. ಮುಂದೆ ಏನಾಗ್ತೀಯ?"

ನಿಂಗಿ ದೊಣ್ಣೆಯನ್ನು ಎದೆಗೊತ್ತಿಕೊಂಡು ತುಂಬ ಹೊತ್ತು ಯೋಚಿಸಿದಳು.

"ಗೊತ್ತಿಲ್ಲ ಅಜ್ಜ."

ಗುರುಗಳು ನಕ್ಕರು. "ತಿಮ್ಮಣ್ಣ, ದೋಣಿಗೆ ನೀನೊಬ್ಬನೇ ಹೋಗಪ್ಪ. ಗೌಡರಿಗೆ ನಾನು ಹೇಳ್ತೀನಿ."

ತಿಮ್ಮಣ್ಣ ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡ. ನಂಜಯ್ಯನಿಗೆ ಮಾತ್ರ ಸಮಾಧಾನವಿಲ್ಲ.

"ಗುರುಗಳೇ, ಅಷ್ಟೊಂದು ಹಣ್ಣು ಹೊಡೆಯದೆ ಬಿಟ್ಟಳಲ್ಲ ಅವಳು."

"ಬಿಟ್ಟಳು," ಎಂದರು ಗುರುಗಳು. "ನಾನು ಎಸೆದ ಪ್ರಶ್ನೆಗಳಲ್ಲಿ ನೀನು ಒಂದನ್ನೂ ಬಿಡಲಿಲ್ಲವಲ್ಲೋ, ನಂಜಯ್ಯ."